ಬಿಸಿ ಹೊಗೆಯೂ ತೆಳುಗಾಳಿಯೂ

ಅಮೆರಿಕದಲ್ಲಿ ತಮ್ಮ ವಿಮಾನವನ್ನು ತಾವೇ ಕಟ್ಟಿಕೊಂಡು ಹಾರುವವರ ದೊಡ್ಡದೊಂದು ಬಳಗವಿದೆ. 1953ರಲ್ಲಿ ಹುಟ್ಟಿದ ಅವರ ಸಂಘ 1970ರಿಂದ ವಿಸ್ಕಾನ್ಸಿನ್ ರಾಜ್ಯದ ಆಷ್‌ಕಾಷ್ ಊರಿನಲ್ಲಿ ತನ್ನ ಜಾತ್ರೆಯನ್ನು ನೆರೆಸುತ್ತ ಬಂದಿದೆ. ಈ ಬಳಗದ ಕೆಲವರು ಮಜ್ದಾ ಕಾರಿನ ರೋಟರಿ ಎಂಜಿನ್ನನ್ನು ವಿಮಾನಕ್ಕೆ ಜೋಡಿಸುತ್ತಾರೆ. ಅದಕ್ಕೆ ಎಂಥ ಟರ್ಬೊಚಾರ್ಜರ್ ಹೊಂದೀತು ಎಂಬ ಅವರ ಪ್ರಶ್ನೆಯನ್ನು ಇಂದು ನಿಮ್ಮ ಮುಂದಿಡಬಯಸುತ್ತೇನೆ. ಪ್ರಶ್ನೆ ಯಂತ್ರದ್ದು, ಅದನ್ನು ನಂಬಿ ಮೇಲೇರುವುದು ಮಾತ್ರ ಮನುಷ್ಯನ ಜೀವ.

ಜರ್ಮನಿಯ ಫೆಲಿಕ್ಸ್ ವಾಂಕೆಲ್ ಕಲ್ಪಿಸಿದ ರೋಟರಿ ಎಂಜಿನ್ ಮೊದಲು ತಿರುಗಿದ್ದು 1957ರಲ್ಲಿ. ಇದರಲ್ಲಿ ಹಿಂದೆ ಮುಂದೆ ಆಡುವ ಪಿಸ್ಟನ್ನುಗಳಿಲ್ಲ, ಕವಾಟಗಳಿಲ್ಲ. ಉಬ್ಬಿದ ಬದಿಗಳ ಮೂರು ಮೂಲೆಯ ರೋಟರು ಗೂಡಿನೊಳಗೆ ಸುತ್ತುತ್ತದೆ. ಭಾಗಗಳು ಕಡಿಮೆ, ಅದುರಾಟವೂ ಕಡಿಮೆ. ಆದರೆ ಉರಿಯ ಬಹಳಷ್ಟು ಕಾವು ಹೊಗೆಯೊಡನೆ ಹೊರಬೀಳುತ್ತದೆ. ಆ ಹೊಗೆ 900 ಡಿಗ್ರಿ ಸೆಲ್ಸಿಯಸ್ಸನ್ನೂ ಮೀರಬಲ್ಲದು.

ಹೀಗೆ ವ್ಯರ್ಥವಾಗುವ ಕಾವನ್ನು ದುಡಿಸಿಕೊಳ್ಳುವ ಉಪಾಯಕ್ಕೆ ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಖಿ 1905ರಲ್ಲೇ ಪೇಟೆಂಟ್ ಪಡೆದಿದ್ದರು. ಒಂದೇ ದಂಡಕ್ಕೆ ಎರಡು ಚಕ್ರಗಳು: ಒಂದನ್ನು ಹೊಗೆ ತಿರುಗಿಸುತ್ತದೆ, ಇನ್ನೊಂದು ಹೊರಗಿನ ಗಾಳಿಯನ್ನು ಅಮುಕಿ ಎಂಜಿನ್ನಿಗೆ ಉಣಿಸುತ್ತದೆ. ಸಣ್ಣ ಟರ್ಬೊಗಳಲ್ಲಿ ಈ ದಂಡ ನಿಮಿಷಕ್ಕೆ ಲಕ್ಷ ಸುತ್ತುಗಳನ್ನೂ ದಾಟುತ್ತದೆ. 1918ರಲ್ಲಿ ಸ್ಯಾನ್‌ಫೋರ್ಡ್ ಮಾಸ್ ಅವರು ಪೈಕ್ಸ್ ಶಿಖರದ ಮೇಲೆ, 14,000 ಅಡಿಗಳ ತೆಳುಗಾಳಿಯಲ್ಲಿ, ಎಂಜಿನ್ ಕಳೆದುಕೊಂಡ ಬಲವನ್ನು ಟರ್ಬೊ ಮರಳಿ ಕೊಡಬಲ್ಲದೆಂದು ತೋರಿಸಿದರು.

ಹಾಗಾದರೆ ಕಾರಿನ ಜೊತೆಗೇ ಬಂದ ಟರ್ಬೊ ಸಾಲದೆ? ಸಾಲದೆನ್ನಲು ಮೂರು ಕಾರಣಗಳಿವೆ. ಮೊದಲನೆಯದು ಹೊತ್ತಿನದು. ಕಾರು ಪೂರ್ಣ ಬಲವನ್ನು ಬೇಡುವುದು ಕೆಲವು ಕ್ಷಣ. ಮುಂದಿನ ತಿರುವಿನಲ್ಲಿ ಚಾಲಕನ ಕಾಲು ಸಡಿಲುತ್ತದೆ. ವಿಮಾನ ನೆಲ ಬಿಟ್ಟಮೇಲೆ ಬಹಳ ಹೊತ್ತು ಒಂದೇ ಸಮನೆ ದುಡಿಯಬೇಕು. ಥಟ್ಟನೆ ಎಚ್ಚರಗೊಳ್ಳಲೆಂದು ಇಕ್ಕಟ್ಟಾಗಿ ಮಾಡಿದ ಕಾರಿನ ಟರ್ಬೊ ಅಷ್ಟು ಹೊಗೆಯನ್ನು ಸಾಗಿಸಲಾರದೆ ಕಾಯುತ್ತದೆ. ಎರಡನೆಯದು ಅಳತೆಯದು. ಮಜ್ದಾದ 13ಬಿ ಎಂಜಿನ್ನಿನ ಗಾತ್ರ 1308 ಘನ ಸೆಂಟಿಮೀಟರ್ ಎಂದು ಬರೆದಿದ್ದರೂ, ಅದು ಸೇದುವ ಗಾಳಿ 2.6 ಲೀಟರಿನ ನಾಲ್ಕು ಸ್ಟ್ರೋಕಿನ ಎಂಜಿನ್ನಿನಷ್ಟು. ಮೂರನೆಯದು ಎತ್ತರದ್ದು. 18,000 ಅಡಿಗಳಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಅರ್ಧ. ಅಲ್ಲಿ ಅಷ್ಟೇ ತೂಕದ ಗಾಳಿಯನ್ನು ಕೂಡಿಸಲು ಟರ್ಬೊ ಸುಮಾರು ಒಂದೂಮುಕ್ಕಾಲು ಪಟ್ಟು ಗಾತ್ರವನ್ನು ನುಂಗಬೇಕು. ಸಣ್ಣ ಚಕ್ರ ತನ್ನ ಮಿತಿಯನ್ನು ಮೀರಿ ಸುತ್ತಿ ಒಡೆಯುವ ಭಯವಿರುವುದು ಇಲ್ಲಿಯೇ.

ಆದುದರಿಂದ ಕಾವು ತಾಳುವ ಲೋಹದ ಚಕ್ರ, ವಿಶಾಲವಾದ ಹೊಗೆಗೂಡು, ಮಿಕ್ಕ ಹೊಗೆಯನ್ನು ಪಕ್ಕಕ್ಕೆ ಬಿಡುವ ದೊಡ್ಡ ಕವಾಟ ಇವು ಬೇಕು. ಆದರೆ ನನಗೆ ಹೆಚ್ಚು ಮುಖ್ಯವಾಗಿ ಕಾಣುವುದು ಬೇಡಿಕೆಯ ಮಿತಿ. ಸಮುದ್ರಮಟ್ಟದ ಒತ್ತಡವನ್ನು ಮೇಲೆಯೂ ಉಳಿಸಿಕೊಂಡರೆ ಸಾಕೆನ್ನುವವನ ಎಂಜಿನ್ ಹೆಚ್ಚು ಕಾಲ ಬಾಳೀತು. ಅತಿಯಾಗಿ ಅಮುಕಿದ ಗಾಳಿಯಲ್ಲಿ ಇಂಧನ ಸ್ಫೋಟದಂತೆ ಉರಿದರೆ ರೋಟರಿನ ಮೂಲೆಗಳ ತೆಳುವಾದ ಸೀಲುಗಳು ಮುರಿಯುತ್ತವೆ. ಟರ್ಬೊ ಕೆಟ್ಟರೂ ಎಂಜಿನ್ನಿನ ಎಣ್ಣೆಯೆಲ್ಲ ಸೋರಿಹೋಗದಂತೆ, ಅದರ ಚೂರುಗಳು ಒಳಗೆ ನುಗ್ಗದಂತೆ ಮೊದಲೇ ಏರ್ಪಾಡು ಮಾಡಿರಬೇಕು.

ಕಾರಿನಲ್ಲಿ ಕೆಟ್ಟ ಯಂತ್ರವನ್ನು ರಸ್ತೆಯ ಬದಿಗೆ ನಿಲ್ಲಿಸಬಹುದು. ಆಕಾಶದಲ್ಲಿ ಬದಿಯೆಂಬುದಿಲ್ಲ. ತನ್ನ ಕೈಯಿಂದಲೇ ವಿಮಾನ ಕಟ್ಟುವವನು ಟರ್ಬೊವನ್ನು ಆರಿಸುವಾಗ, ಅದು ಎಷ್ಟು ಬಲ ಕೊಡುತ್ತದೆಂದು ಕೇಳುವ ಮೊದಲು, ಅದು ಕೆಟ್ಟ ದಿನ ತಾನು ನೆಲಕ್ಕೆ ಹೇಗೆ ಮರಳುವೆನೆಂದು ಕೇಳಿಕೊಳ್ಳುವುದು ಒಳಿತು.