ಅವಳ ಮಾತಿನ ತೂಕ

(ದಿಲ್ಲಿಯ ಪೀತಮ್‌ಪುರದಲ್ಲಿ ಹೋಟೆಲು ಕೆಲಸಗಾರರ ಸಭೆಯಲ್ಲಿ ಮಾಡಿದ ಭಾಷಣ)



ಇಂದು ಸಂಬಳ, ಬೋನಸ್ಸು, ರಜೆಗಳ ಮಾತು ಬೇಡ. ನಮ್ಮದೇ ಒಂದು ತಪ್ಪನ್ನು ನಿಮ್ಮ ಮುಂದೆ ಒಪ್ಪಿಕೊಳ್ಳಬೇಕಾಗಿದೆ.

ಕೆಲವು ವರ್ಷಗಳ ಹಿಂದೆ, ಒಂದು ಹೋಟೆಲಿನಲ್ಲಿ ಪಾತ್ರೆ ತೊಳೆಯುತ್ತಿದ್ದ ಹೆಣ್ಣುಮಗಳೊಬ್ಬಳು ನಮ್ಮ ಬಳಿ ಬಂದು, ಉಗ್ರಾಣದಲ್ಲಿ ತನ್ನ ಮೇಲೆ ಬಲಾತ್ಕಾರವಾಯಿತೆಂದು ಹೇಳಿದಳು. ಆಗಿ ನಾಲ್ಕು ದಿನವಾಗಿತ್ತು. ನಾವು ಕೇಳಿದ ಮೊದಲ ಪ್ರಶ್ನೆ, "ಇಷ್ಟು ದಿನ ಯಾಕೆ ಸುಮ್ಮನಿದ್ದೆಯಮ್ಮ?" ಎರಡನೆಯದು, "ನೋಡಿದವರು ಯಾರಾದರೂ ಇದ್ದಾರೆಯೇ?" ಅವಳು ಎದ್ದು ಹೋದಳು, ಮತ್ತೆ ಬರಲಿಲ್ಲ. ಸಾಕ್ಷಿಯಿಲ್ಲದ ಕೇಸು ಕೋರ್ಟಿನಲ್ಲಿ ನಿಲ್ಲುವುದಿಲ್ಲವೆಂದು ನಮಗೆ ನಾವೇ ಸಮಾಧಾನ ಹೇಳಿಕೊಂಡೆವು.

ಕಾನೂನು ಹಾಗೆ ಹೇಳುವುದಿಲ್ಲವೆಂದು ವಕೀಲರಿಂದ ಆಮೇಲೆ ತಿಳಿಯಿತು. ಆಕೆಯ ಮಾತು ನಂಬಿಕೆಗೆ ಯೋಗ್ಯವಾಗಿದ್ದರೆ ಬೇರೆ ಸಾಕ್ಷಿ ಬೇಕೇ ಬೇಕೆಂಬ ಕಟ್ಟುನಿಟ್ಟಿಲ್ಲವೆಂದು ಸುಪ್ರೀಂ ಕೋರ್ಟು 1951ರಷ್ಟು ಹಿಂದೆಯೇ ಹೇಳಿತ್ತು. ಆದರೂ ಅದೇ ಕೋರ್ಟು 1978ರಲ್ಲಿ ಎಡವಿತೆಂದೇ ನಮ್ಮ ಅಭಿಪ್ರಾಯ. ಮಹಾರಾಷ್ಟ್ರದ ದೇಸಾಯಿಗಂಜ್ ಪೊಲೀಸು ಠಾಣೆಯೊಳಗೆ 1972ರಲ್ಲಿ ಒಬ್ಬ ಆದಿವಾಸಿ ಕೂಲಿ ಹುಡುಗಿಗೆ ಅನ್ಯಾಯವಾಯಿತು. (ಇಂಥವರ ಹೆಸರನ್ನು ಪ್ರಕಟಿಸಲು ಈಗ ಕಾನೂನಿನ ಅಡ್ಡಿಯಿದೆ, ನಾವೂ ಹೇಳುವುದಿಲ್ಲ.) ಸೆಷನ್ಸ್ ಕೋರ್ಟು ಪೊಲೀಸರನ್ನು ಬಿಟ್ಟಿತು, ಹೈಕೋರ್ಟು ಶಿಕ್ಷಿಸಿತು, ಸುಪ್ರೀಂ ಕೋರ್ಟು ಪುನಃ ಬಿಟ್ಟಿತು. ಮೈಮೇಲೆ ಗಾಯವಿಲ್ಲ, ಕೂಗಿಕೊಂಡಳೆಂಬುದು ನಂಬುವಂತಿಲ್ಲ ಎಂದಿತು. ರಾತ್ರಿಯ ಹೊತ್ತು ಠಾಣೆಯೊಳಗೆ ಕೂಗಿದರೆ ಕೇಳುವವರು ಯಾರು? 1979ರಲ್ಲಿ ಉಪೇಂದ್ರ ಬಕ್ಷಿ, ಲೋತಿಕಾ ಸರ್ಕಾರ್ ಮೊದಲಾದ ನಾಲ್ವರು ಕಾನೂನು ಪಂಡಿತರು ಬಹಿರಂಗ ಪತ್ರ ಬರೆದರು; ಹೆಂಗಸರು ಬೀದಿಗಿಳಿದರು. 1983ರಲ್ಲಿ ಕಾನೂನೇ ಬದಲಾಯಿತು.

1996ರ ತೀರ್ಪು ಪಂಜಾಬಿನದು. ಹತ್ತನೆಯ ತರಗತಿಯ ಪರೀಕ್ಷೆಗೆ ಹೋಗಿದ್ದ ಹುಡುಗಿಯನ್ನು ಕಾರಿನಲ್ಲಿ ಹೊತ್ತೊಯ್ದಿದ್ದರು. ಅದು ಫಿಯೆಟ್ಟೋ ಅಂಬಾಸಿಡರೋ ಹೇಳಲು ಅವಳಿಗೆ ತಿಳಿಯಲಿಲ್ಲ, ದೂರು ತಡವಾಯಿತು ಎಂದು ಕೆಳಗಿನ ಕೋರ್ಟು ಆರೋಪಿಗಳನ್ನು ಬಿಟ್ಟಿತ್ತು. ಸುಪ್ರೀಂ ಕೋರ್ಟು ಅದನ್ನು ತಿರುಗಿಸಿತು. ಮಾನಕ್ಕೆ ಅಂಜುವ ಮನೆಯವರು ಠಾಣೆಯ ಮೆಟ್ಟಿಲು ಹತ್ತಲು ಹಿಂದುಮುಂದು ನೋಡುವುದು ಸಹಜ, ಸಣ್ಣಪುಟ್ಟ ವ್ಯತ್ಯಾಸ ಹಿಡಿದು ಇಡೀ ಸಾಕ್ಷ್ಯವನ್ನು ತಳ್ಳಬಾರದು ಎಂದಿತು. ನಮ್ಮ ಎರಡೂ ಪ್ರಶ್ನೆಗಳಿಗೆ ಅಲ್ಲೇ ಉತ್ತರವಿತ್ತು.

ನಮ್ಮ ಕರ್ನಾಟಕದ್ದೂ ಒಂದಿದೆ. ಏಳೆಂಟು ವರ್ಷದ ಮಗುವನ್ನು ಕೆಡಿಸಿದವನಿಗೆ ವಿಚಾರಣಾ ಕೋರ್ಟು ಹತ್ತು ವರ್ಷ ಕೊಟ್ಟಿತ್ತು. ಓದು ಬಾರದ ಬಡವ, ಕುಡಿದಿದ್ದ, ಸಂಸಾರವಂದಿಗ ಎಂದು ಹೈಕೋರ್ಟು ನಾಲ್ಕಕ್ಕೆ ಇಳಿಸಿತು. 2000ದಲ್ಲಿ ಸುಪ್ರೀಂ ಕೋರ್ಟು ಮತ್ತೆ ಹತ್ತಕ್ಕೇರಿಸಿತು. "ಪಾಪ, ಕುಡಿದಿದ್ದ" ಎನ್ನುವ ಮಾತು ನಮ್ಮ ರೂಮುಗಳಲ್ಲೂ ಕೇಳಿಬರುತ್ತದೆ, ಅದಕ್ಕೇ ಹೇಳಿದೆವು.

ಹಾಗೆಂದು ಹೇಳಿದ್ದೆಲ್ಲ ಸಾಬೀತಾಗುತ್ತದೆಂದಲ್ಲ. ಇದೇ ದಿಲ್ಲಿಯ ಒಂದು ಮೊಕದ್ದಮೆಯಲ್ಲಿ ಮೊದಲಿನ ಹೇಳಿಕೆಗೂ ಕೋರ್ಟಿನ ಹೇಳಿಕೆಗೂ ತಾಳೆಯಾಗಲಿಲ್ಲವೆಂದು ಸುಪ್ರೀಂ ಕೋರ್ಟು 2012ರಲ್ಲಿ ಆರೋಪಿಗಳನ್ನು ಬಿಡುಗಡೆ ಮಾಡಿತು. ಅದೂ ಬೇಕು, ನಾಳೆ ಕಟಕಟೆಯಲ್ಲಿ ನಿಲ್ಲುವವನು ನಮ್ಮ ಮಾಣಿಯೇ ಇರಬಹುದು.

ಗಮನಿಸಬೇಕಾದ್ದು ಇಲ್ಲಿದೆ. ಅಪೀಲು ಕೇಳುವ ನ್ಯಾಯಾಧೀಶರ ಮುಂದೆ ಸಾಮಾನ್ಯವಾಗಿ ಅವಳು ಮತ್ತೆ ಸಾಕ್ಷಿ ಹೇಳುವುದಿಲ್ಲ; ಅವರು ನೋಡುವುದು ಕಾಗದ. ಮೊದಲ ದಿನ ಠಾಣೆಯಲ್ಲಿ ಬರೆದದ್ದು, ಮ್ಯಾಜಿಸ್ಟ್ರೇಟರ ಮುಂದೆ ಹೇಳಿದ್ದು, ಪಾಟೀ ಸವಾಲಿನಲ್ಲಿ ನಿಂತದ್ದು, ಇವು ಒಂದಕ್ಕೊಂದು ಹೊಂದುತ್ತವೆಯೇ ಎಂದು ತೂಗುತ್ತಾರೆ. ಕನ್ನಡ ಮಾತ್ರ ಬಲ್ಲವಳ ಮಾತನ್ನು ಇಲ್ಲಿನ ಪೊಲೀಸರು ಹಿಂದಿಯಲ್ಲಿ ಬರೆದುಕೊಂಡರೆ ಏನು ಬರೆದರೆಂದು ಅವಳಿಗೇನು ಗೊತ್ತು? ಆದ್ದರಿಂದ ಎರಡು ಭಾಷೆ ಬಲ್ಲವರು ಜೊತೆಗೆ ಹೋಗಬೇಕು. ಬರೆದದ್ದನ್ನು ಓದಿಸಿ ಕೇಳಬೇಕು, ದೂರಿನ ಪ್ರತಿಯನ್ನು ಪಡೆಯಬೇಕು, ಅದಕ್ಕೆ ಹಣವಿಲ್ಲ. ಉಟ್ಟ ಬಟ್ಟೆ ಒಗೆಯಬಾರದು. ತಡವಾಗಿದ್ದರೆ ಯಾಕೆಂದು ಇದ್ದದ್ದನ್ನು ಇದ್ದಂತೆ ಬರೆಸಬೇಕು. ಹೆಂಗಸರಿಗೆ ಸಂಬಳವೆಷ್ಟೇ ಇರಲಿ, 1987ರ ಕಾಯಿದೆಯಂತೆ ಸರ್ಕಾರದ ಖರ್ಚಿನಲ್ಲಿ ವಕೀಲರು ಸಿಗುತ್ತಾರೆ. ಆರೋಪಿ ಖುಲಾಸೆಯಾದರೆ ಅವಳೇ ಅಪೀಲು ಹೋಗುವ ಹಕ್ಕು 2009ರ ಕೊನೆಯಿಂದ ಇದೆ.

ಆ ಹೆಣ್ಣುಮಗಳಿಗೆ ತಪ್ಪಾಯಿತೆಂದು ಹೇಳಲು ಹೋಟೆಲಿಗೆ ಹೋದೆವು. ಕೆಲಸ ಬಿಟ್ಟಿದ್ದಳು, ಎಲ್ಲಿಗೆ ಹೋದಳೆಂದು ಯಾರಿಗೂ ತಿಳಿಯದು. ಇನ್ನು ಮುಂದೆ ಇಂಥ ದೂರನ್ನು ನಮ್ಮಂಥ ಗಂಡಸರು ಕೇಳುವುದಿಲ್ಲ. ಸಂಘದಿಂದ ಇಬ್ಬರು ಸೋದರಿಯರನ್ನು ನೇಮಿಸಿದ್ದೇವೆ. ಇಬ್ಬರಿಗೂ ಹಿಂದಿ ಬರುತ್ತದೆ. ಅವರು ಮುಂದಿನ ಸಾಲಿನಲ್ಲಿ ಕುಳಿತಿದ್ದಾರೆ, ಈಗ ಎದ್ದು ನಿಲ್ಲುತ್ತಾರೆ, ನೋಡಿಕೊಳ್ಳಿ.