ನ್ಯಾಯದ ಕುರ್ಚಿಗೆ ಯಾರನ್ನ ಕೂಡ್ರಿಸ್ತಾರ?

(ಯಶವಂತನಗರದ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)



ಜಡ್ಜುಗಳ ನೇಮಕ ದಿಲ್ಲಿಯ ದೊಡ್ಡವರ ಜಗಳ, ನಮಗ್ಯಾಕ ಅದು ಅಂತ ನಿಮ್ಮಲ್ಲಿ ಕೆಲವರು ಕೇಳ್ತೀರಿ. 2011ರಲ್ಲಿ ಈ ಬಳ್ಳಾರಿ ಜಿಲ್ಲೆಯ ಗಣಿಗಳನ್ನ ನಿಲ್ಲಿಸಿದ್ದು ಯಾರು? ಸುಪ್ರೀಂ ಕೋರ್ಟು. ಲಾರಿ ನಿಂತವು, ಅದರ ಹಿಂದೆ ಕೂಲಿಯೂ ನಿಂತಿತು. ಅಲ್ಲಿ ಹಾಕಿದ ಸಹಿ ಇಲ್ಲಿ ನಮ್ಮ ಒಲೆಯ ತನಕ ಬರುತ್ತದೆ.

ಆ ವರ್ಷ ಗಣಿ ವರದಿ ಕೊಟ್ಟ ಲೋಕಾಯುಕ್ತ ಸಂತೋಷ್ ಹೆಗ್ಡೆಯವರ ಹೆಸರು ಸಂಡೂರಿನ ಮಂದಿಗೆ ಹೊಸದಲ್ಲ. ನಾವು ಹೇಳಹೊರಟಿರುವುದು ಅವರ ತಂದೆ ಕೆ.ಎಸ್. ಹೆಗ್ಡೆಯವರ ಸಂಗತಿ. ಕಾರ್ಕಳ ತಾಲೂಕಿನ ಕೌಡೂರಿನವರು. ಸರ್ಕಾರಿ ವಕೀಲರಾಗಿದ್ದರು, 1952ರಲ್ಲಿ ಕಾಂಗ್ರೆಸ್ಸಿನಿಂದ ರಾಜ್ಯಸಭೆಗೆ ಹೋದರು, 1957ರಲ್ಲಿ ಅಲ್ಲಿಂದ ಮೈಸೂರು ಹೈಕೋರ್ಟಿನ ನ್ಯಾಯಾಧೀಶರಾದರು. ನ್ಯಾಯಾಂಗದೊಳಗೆ ರಾಜಕೀಯ ಹೊಕ್ಕಿದ್ದು 1973ರಲ್ಲಿ ಅಂತ ಗೋಳಾಡುವವರು ಈ 1957ನ್ನೂ ಸ್ವಲ್ಪ ನೆನೆಸಿಕೊಳ್ಳಲಿ. 1966ರಲ್ಲಿ ದಿಲ್ಲಿ ಹೈಕೋರ್ಟಿನ ಮೊದಲ ಮುಖ್ಯ ನ್ಯಾಯಾಧೀಶರು, 1967ರಲ್ಲಿ ಸುಪ್ರೀಂ ಕೋರ್ಟು.

1970ರಲ್ಲಿ ಬ್ಯಾಂಕ್ ರಾಷ್ಟ್ರೀಕರಣದ ಕಾಯ್ದೆಯನ್ನ ಕೋರ್ಟು ಹೊಡೆದು ಹಾಕಿತು. ಹನ್ನೊಂದರಲ್ಲಿ ಹತ್ತು ಮಂದಿ ಸರ್ಕಾರದ ವಿರುದ್ಧ, ಹೆಗ್ಡೆ ಅವರಲ್ಲೊಬ್ಬರು. ಸರ್ಕಾರದ ಕಡೆ ಬರೆದವರು ಎ.ಎನ್. ರೇ ಒಬ್ಬರೇ. 1973ರ ಏಪ್ರಿಲ್ 24ರಂದು ಕೇಶವಾನಂದ ಭಾರತಿ ತೀರ್ಪು ಬಂತು. ಕೇಶವಾನಂದರು ನಮ್ಮ ಕಾಸರಗೋಡಿನ ಎಡನೀರು ಮಠದ ಸ್ವಾಮಿಗಳು. ಮಠದ ಭೂಮಿ ಉಳಿಸಿಕೊಳ್ಳಲಿಕ್ಕೆ ಹೂಡಿದ ದಾವೆ ಅದು. ಸಂವಿಧಾನದ ಮೂಲ ರಚನೆಯನ್ನ ಪಾರ್ಲಿಮೆಂಟು ಮುಟ್ಟುವಂತಿಲ್ಲ ಅಂತ ಏಳು ಮಂದಿ, ಆರು ಮಂದಿ ಬೇರೆ. ಹೆಗ್ಡೆ ಏಳರಲ್ಲಿ, ರೇ ಆರರಲ್ಲಿ. ಮರುದಿನವೇ ಶೆಲತ್, ಹೆಗ್ಡೆ, ಗ್ರೋವರ್ ಮೂವರನ್ನೂ ದಾಟಿ ರೇ ಅವರನ್ನ ಮುಖ್ಯ ನ್ಯಾಯಮೂರ್ತಿ ಮಾಡಿದ್ದು ಗೊತ್ತಾಯಿತು. ಮೂವರೂ ರಾಜೀನಾಮೆ ಒಗೆದು ಎದ್ದು ಹೋದರು.

ಲೋಕಸಭೆಯಲ್ಲಿ ಇದನ್ನ ಸಮರ್ಥಿಸಿದವರು ಯಾರು ಗೊತ್ತೇನ್ರಿ? ಉಕ್ಕು ಮತ್ತು ಗಣಿ ಮಂತ್ರಿ ಮೋಹನ್ ಕುಮಾರಮಂಗಲಂ! ನ್ಯಾಯಾಧೀಶರ ಜೀವನದೃಷ್ಟಿ ಏನು ಅಂತ ನೋಡಿ ಆರಿಸುವ ಹಕ್ಕು ಸರ್ಕಾರಕ್ಕಿದೆ ಅಂದರು. ಒಪ್ಪೋಣ. ಬಡವರ ಕಡೆ ನೋಡುವ ಕಣ್ಣು ಬೇಕಾಗಿದ್ದರೆ ಬಡವರ ಕೇರಿಯೊಳಗೆ ಹುಡುಕಬೇಕಿತ್ತಲ್ಲ? ಸುಪ್ರೀಂ ಕೋರ್ಟು ಶುರುವಾದದ್ದು 1950ರಲ್ಲಿ. 1973ಕ್ಕೆ ಇಪ್ಪತ್ತಮೂರು ವರ್ಷ. ಅಷ್ಟರೊಳಗೆ ಒಬ್ಬನೇ ಒಬ್ಬ ದಲಿತ ಆ ಪೀಠ ಹತ್ತಿರಲಿಲ್ಲ. ದಾಟಿಸಲಿಕ್ಕಾದರೂ ಸಾಲಿನಲ್ಲಿ ನಮ್ಮವನೊಬ್ಬ ನಿಂತಿರಬೇಕಲ್ಲ! ಮೊದಲನೆಯವರು ತಮಿಳುನಾಡಿನ ಎ. ವರದರಾಜನ್, 1980ರ ಡಿಸೆಂಬರಿನಲ್ಲಿ.

ಹೆಗ್ಡೆಯವರು ಸುಮ್ಮನೆ ಕೂಡಲಿಲ್ಲ. 1977ರಲ್ಲಿ ಜನತಾ ಪಕ್ಷದಿಂದ ಬೆಂಗಳೂರು ದಕ್ಷಿಣದಲ್ಲಿ ಗೆದ್ದು ಲೋಕಸಭೆಯ ಸ್ಪೀಕರ್ ಆದರು. ಅವರಿಗೆ ಅನ್ಯಾಯವಾಗಿತ್ತು, ನಿಜ. ಅವರಿಗೆ ಹೋಗಿ ಕೂಡಲಿಕ್ಕೆ ಇನ್ನೊಂದು ಮನೆಯೂ ಇತ್ತು, ಅದೂ ನಿಜ.

ಸರ್ಕಾರದ ಕೈಯಲ್ಲಿ ಇದ್ದದ್ದಕ್ಕೇ ಹೀಗಾಯಿತು ಅಂತ 1993ರಲ್ಲಿ ನ್ಯಾಯಾಧೀಶರು ಆಯ್ಕೆಯ ಬೀಗದಕೈಯನ್ನ ತಮ್ಮ ಸೊಂಟಕ್ಕೇ ಸಿಕ್ಕಿಸಿಕೊಂಡರು. ಕೊಲಿಜಿಯಂ ಅಂದರೆ ಅದು. 2014ರಲ್ಲಿ ಪಾರ್ಲಿಮೆಂಟು ಬೇರೆ ಆಯೋಗ ಮಾಡಿತು, 2015ರ ಅಕ್ಟೋಬರಿನಲ್ಲಿ ಕೋರ್ಟು ಅದನ್ನ ರದ್ದು ಮಾಡಿತು. ಗೌಡರ ಮನೆಯ ಅಣ್ಣತಮ್ಮಂದಿರು ಪಾಲಿಗೆ ಬಡಿದಾಡುವಾಗ ಆಳುಮಗ ಹೊರಗೆ ನಿಂತು ನೋಡುತ್ತಾನಲ್ಲ, ಹಾಗೆ ನಾವು ನೋಡಿದೆವು.

ಬಾಬಾಸಾಹೇಬರು ಇದನ್ನ 1949ರ ಮೇ ತಿಂಗಳಲ್ಲೇ ಸಂವಿಧಾನ ಸಭೆಯಲ್ಲಿ ಹೇಳಿದ್ದರು. ಪೂರ್ತಿ ಸರ್ಕಾರದ ಕೈಗೂ ಬೇಡ. ಮುಖ್ಯ ನ್ಯಾಯಮೂರ್ತಿಯ ಒಪ್ಪಿಗೆ ಇಲ್ಲದೆ ನಡೆಯಬಾರದು ಅನ್ನುವುದೂ ಬೇಡ, ಯಾಕಂದರೆ ಅವರೂ ಮನುಷ್ಯರೇ, ನಮ್ಮ ನಿಮ್ಮ ಹಾಗೆ ಅವರಿಗೂ ದೌರ್ಬಲ್ಯ, ಪೂರ್ವಗ್ರಹ ಇರುತ್ತವೆ ಅನ್ನುವುದು ಅವರ ಮಾತಿನ ಸಾರ. ಎರಡೂ ಕಡೆಯವರು ಅವರ ಫೋಟೋಕ್ಕೆ ಹಾರ ಹಾಕುತ್ತಾರೆ.

ಲೆಕ್ಕ ಕೇಳ್ರಿ. 2018ರಿಂದ 2023ರ ಜುಲೈ 17ರವರೆಗೆ ದೇಶದ ಹೈಕೋರ್ಟುಗಳಿಗೆ 604 ನ್ಯಾಯಾಧೀಶರು ನೇಮಕವಾದರು. ಕೇಂದ್ರ ಸರ್ಕಾರವೇ ಪಾರ್ಲಿಮೆಂಟಿಗೆ ಕೊಟ್ಟ ಲೆಕ್ಕ ಇದು. ಸಾಮಾನ್ಯ ವರ್ಗದವರು 458. ಪರಿಶಿಷ್ಟ ಜಾತಿ 18, ಪರಿಶಿಷ್ಟ ಪಂಗಡ 9. ಮೇಲಿನ ಕೋರ್ಟುಗಳಿಗೆ ಮೀಸಲಾತಿ ಇಲ್ಲ, ಅರ್ಹತೆ ನೋಡ್ತೀವಿ ಅಂತಾರೆ. ಅರ್ಹತೆಯನ್ನ ಬಾಗಿಲು ಹಾಕಿಕೊಂಡು ಅಳೆಯುತ್ತಾರೆ!

ಬಂದವರು ಇಲ್ಲವೆಂದಲ್ಲ. ಕೆ.ಜಿ. ಬಾಲಕೃಷ್ಣನ್ 2007ರಲ್ಲಿ ಮುಖ್ಯ ನ್ಯಾಯಮೂರ್ತಿಯಾದರು. ನಮ್ಮ ನಿಪ್ಪಾಣಿಯಲ್ಲಿ ಹುಟ್ಟಿದ ಪ್ರಸನ್ನ ವರಾಳೆ ಕರ್ನಾಟಕ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿ, 2024ರ ಜನವರಿಯಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. ಅವರ ಅಜ್ಜ ಬಾಬಾಸಾಹೇಬರ ಒಡನಾಡಿ. 2025ರ ಮೇ ತಿಂಗಳಲ್ಲಿ ಬಿ.ಆರ್. ಗವಾಯಿ ಮುಖ್ಯ ನ್ಯಾಯಮೂರ್ತಿಯಾದರು. ಅದೇ ಅಕ್ಟೋಬರಿನಲ್ಲಿ, ತುಂಬಿದ ಕೋರ್ಟಿನೊಳಗೆ, ಕರಿಕೋಟಿನ ವಕೀಲನೊಬ್ಬ ಅವರ ಕಡೆ ಬೂಟು ಎಸೆಯಹೋದ. ಕುರ್ಚಿ ಸಿಕ್ಕರೂ ಕೇರಿ ಬೆನ್ನು ಬಿಡೋದಿಲ್ಲ ನೋಡ್ರಿ.

ಇನ್ನು ನಮ್ಮ ಹೊಲದ ಮಾತಿಗೆ ಬರ್ತೀವಿ. ದಲಿತರಿಗೆ ಮಂಜೂರಾದ ಭೂಮಿಯನ್ನ ಬೇರೆಯವರು ಕೊಂಡಿದ್ದರೂ ಅದು ವಾಪಸ್ ಬರಬೇಕು ಅಂತ ದೇವರಾಜ ಅರಸರ ಸರ್ಕಾರ 1978ರಲ್ಲಿ ಪಿ.ಟಿ.ಸಿ.ಎಲ್. ಕಾಯ್ದೆ ತಂದಿತು. 1984ರಲ್ಲಿ ಸುಪ್ರೀಂ ಕೋರ್ಟು ಅದನ್ನ ಎತ್ತಿಹಿಡಿಯಿತು. ಕಾಯ್ದೆಯೊಳಗೆ ಇಷ್ಟು ವರ್ಷದೊಳಗೆ ಅರ್ಜಿ ಹಾಕಬೇಕು ಅಂತ ಇರಲಿಲ್ಲ. 2017ರಲ್ಲಿ ಅದೇ ಕೋರ್ಟು, ತಡವಾಗಿ ಬಂದ ಅರ್ಜಿ ನಡೆಯದು, ಯುಕ್ತ ಕಾಲದೊಳಗೆ ಬರಬೇಕಿತ್ತು ಅಂದಿತು. ಓದು ಬಾರದ ಅಪ್ಪ ಸತ್ತ ಮೇಲೆ ಟ್ರಂಕಿನ ತಳದಲ್ಲಿ ಮಂಜೂರಾತಿ ಕಾಗದ ಸಿಕ್ಕುವ ಮನೆಗಳಲ್ಲಿ ಯುಕ್ತ ಕಾಲ ಅಂದರೆ ಎಷ್ಟು? ಅದನ್ನ ಅಳೆಯುವವರಿಗೆ ಅಂಥ ಟ್ರಂಕಿನ ಪರಿಚಯ ಇರಬೇಕಾಗುತ್ತದೆ. 2023ರಲ್ಲಿ ವಿಧಾನಮಂಡಲ ಕಾಯ್ದೆಗೆ ತಿದ್ದುಪಡಿ ತಂದು, ಕಾಲಮಿತಿ ಇಲ್ಲ ಅಂತ ಬರೆಯಿತು. ಆ ಅಕ್ಷರಕ್ಕೆ ಅರ್ಥ ಹೇಳುವವರು ಮತ್ತೆ ಕೋರ್ಟಿನವರೇ.

ಸಭೆ ಮುಗಿದ ಮೇಲೆ ನಾವು ಇಲ್ಲೇ ಇರ್ತೀವಿ. ಮಂಜೂರಾತಿ ಕಾಗದ, ಪಹಣಿ, ಉಪವಿಭಾಗಾಧಿಕಾರಿಯ ಆದೇಶ ಯಾವುದಿದ್ದರೂ ತಂದು ತೋರಿಸ್ರಿ. ಅರ್ಜಿ ವಜಾ ಆಗಿದ್ದರೆ ಯಾವ ವರ್ಷ, ಏನು ಕಾರಣ ಕೊಟ್ಟಾರ ಅನ್ನೋದನ್ನ ಬರ್ಕೊಳ್ತೀವಿ.