ಗೋಡೆಯ ಮೇಲಿನ ಇಂಪೊಸಿಷನ್

ತಪ್ಪು ಮಾಡಿದ ಹುಡುಗನಿಗೆ ಮೇಷ್ಟರು "ನೂರು ಸಲ ಬರೆದು ತಾ" ಎಂದು ವಿಧಿಸುತ್ತಿದ್ದ ಇಂಪೊಸಿಷನ್ ನಿಮಗೆ ನೆನಪಿರಬೇಕು. ಬೆರಳು ನೋಯುವವರೆಗೆ ನೀವೂ ಬರೆದಿದ್ದೀರಿ. ಇಲ್ಲವೆಂದರೆ ನಾನು ನಂಬುವವನಲ್ಲ. ಅಂಥದೊಂದು ಇಂಪೊಸಿಷನ್ನೇ ಕಲಾಪ್ರದರ್ಶನವಾದ ಸಂಗತಿಯನ್ನು ಇಂದು ನಿಮಗೆ ತಿಳಿಸಬೇಕೆಂದಿದ್ದೇನೆ.

ಕೆನಡಾ ದೇಶದ ಪೂರ್ವ ಕರಾವಳಿಯಲ್ಲಿ ಹ್ಯಾಲಿಫ್ಯಾಕ್ಸ್ ಎಂಬ ರೇವುಪಟ್ಟಣವಿದೆ. ಅಲ್ಲಿನ ಕಲಾಶಾಲೆ ಹುಟ್ಟಿದ್ದು 1887ರಲ್ಲಿ, ವಿಕ್ಟೋರಿಯಾ ರಾಣಿಯ ಆಳ್ವಿಕೆಗೆ ಐವತ್ತು ವರ್ಷ ತುಂಬಿದ ನೆನಪಿಗಾಗಿ. ಅದಕ್ಕಾಗಿ ದುಡಿದವರಲ್ಲಿ ಮುಂದಾಳು ಆನಾ ಲಿಯೊನೊವೆನ್ಸ್. 1862ರಿಂದ 1867ರವರೆಗೆ ಸಯಾಂ ದೊರೆಯ ಅರಮನೆಯಲ್ಲಿ ಮಕ್ಕಳಿಗೆ ಪಾಠ ಹೇಳಿದಾಕೆ. 1956ರ 'ದಿ ಕಿಂಗ್ ಅಂಡ್ ಐ' ಚಲಚ್ಚಿತ್ರ ಕಂಡವರಿಗೆ ಪರಿಚಿತಳೇ. ತಾನು ವೇಲ್ಸ್ ಸೀಮೆಯವಳೆಂದು ಆಕೆ ಹೇಳಿಕೊಳ್ಳುತ್ತಿದ್ದಳು. ಹುಟ್ಟಿದ್ದು ಮಾತ್ರ ನಮ್ಮ ನೆರೆಸೀಮೆಯಲ್ಲಿ, ಅಂದಿನ ಅಹಮದ್‌ನಗರದಲ್ಲಿ, 1831ರಲ್ಲಿ! 1968ರಲ್ಲಿ ಆ ಕಾಲೇಜಿನ ಗ್ಯಾಲರಿಗೆ ಆಕೆಯ ಹೆಸರನ್ನೇ ಇಟ್ಟರು.

ಅದರ ಹಿಂದಿನ ವರ್ಷವಷ್ಟೆ ಗ್ಯಾರಿ ನೀಲ್ ಕೆನಡಿ ಎಂಬ ಮೂವತ್ತು ದಾಟಿದ ತರುಣ ಕಾಲೇಜಿನ ಮುಖ್ಯಸ್ಥನಾಗಿ ಬಂದಿದ್ದ. ಹೊಸ ಹಾದಿ ತುಳಿಯುತ್ತಿರುವ ಕಲಾವಿದರನ್ನು ವಿದ್ಯಾರ್ಥಿಗಳ ಬಳಿಗೇ ಕರೆತರಬೇಕೆಂಬುದು ಆತನ ಹಟ. ಹಟವಿದ್ದಷ್ಟು ಹಣವಿರಲಿಲ್ಲ.

1971ರಲ್ಲಿ ಕ್ಯಾಲಿಫೋರ್ನಿಯಾದ ಜಾನ್ ಬಾಲ್ಡೆಸಾರಿಗೆ ಕಾಲೇಜಿನಿಂದ ಕರೆ ಹೋಯಿತು. ಪ್ರಯಾಣದ ವೆಚ್ಚ ಕೊಡಲು ಮಾತ್ರ ಕಾಸಿಲ್ಲ. ಆತ ಬರಲಿಲ್ಲ, ಸೂಚನೆ ಕಳುಹಿಸಿದ: ಮನಸ್ಸಿದ್ದ ವಿದ್ಯಾರ್ಥಿಗಳು ತನ್ನ ಪರವಾಗಿ ಗ್ಯಾಲರಿಯ ಗೋಡೆಯ ಮೇಲೆ ಒಂದೇ ವಾಕ್ಯವನ್ನು ಮತ್ತೆ ಮತ್ತೆ ಬರೆಯಲಿ. ಇನ್ನು ಮುಂದೆ ನಾನು ಬೇಸರ ತರಿಸುವ ಕಲೆಯನ್ನು ಮಾಡುವುದಿಲ್ಲ, ಎಂಬುದೇ ಆ ವಾಕ್ಯ. ಕಾಲೇಜಿನ ಮೆಜನೈನ್ ಗ್ಯಾಲರಿಯಲ್ಲಿ ಹುಡುಗರು ಹುಡುಗಿಯರು ಗೋಡೆ ತುಂಬ ಅದನ್ನೇ ಬರೆದರು.

ಇದೇನು ಹುಡುಗಾಟ ಎನ್ನುತ್ತೀರಿ. ನನಗೂ ಮೊದಲು ಹಾಗೆಯೇ ಅನ್ನಿಸಿತು. ಬೇಸರ ಬೇಡವೆಂದು ಬರೆಯುವುದೇ ಎಂಥ ಬೇಸರದ ಕೆಲಸ! ಆದರೆ ಬಾಲ್ಡೆಸಾರಿ ಅದರ ಹಿಂದಿನ ವರ್ಷವೇ ತನ್ನ ಹಳೆಯ ಚಿತ್ರಗಳ ರಾಶಿಯನ್ನು ಶವದಹನದ ಕುಲುಮೆಗೆ ಹಾಕಿ ಬೂದಿ ಮಾಡಿಸಿದ್ದ. ಹದಿಮೂರು ವರ್ಷಗಳ ಶ್ರಮ. ಅಷ್ಟು ಬೆಲೆ ತೆತ್ತವನ ಮಾತನ್ನು ಬರಿಯ ತಮಾಷೆಯೆಂದು ತಳ್ಳುವುದು ನನ್ನಿಂದಾಗದು. ಇನ್ನು ಆ ಮಕ್ಕಳು. ದೊಡ್ಡ ಕಲಾವಿದನ ಪ್ರದರ್ಶನಕ್ಕೆ ಪ್ರೇಕ್ಷಕರಾಗಿ ಬರಬೇಕಾದವರು, ಅದನ್ನು ತಮ್ಮ ಕೈಯಾರೆ ಮಾಡಿಟ್ಟರು. ಬರೆಯುತ್ತ ಬರೆಯುತ್ತ ಅವರಲ್ಲಿ ಯಾರಿಗಾದರೂ ತನ್ನ ಕ್ಲಾಸಿನ ಹೂದಾನಿಯ ಚಿತ್ರ ನೆನಪಾಗಿ ಮುಜುಗರವಾಗಿರಬಹುದು.

ಲಿಯೊನೊವೆನ್ಸ್ ಗ್ಯಾಲರಿಯಲ್ಲಿ ವಿದ್ಯಾರ್ಥಿಗಳ ಕೆಲಸಕ್ಕೇ ಹೆಚ್ಚಿನ ಜಾಗ. ಕೆಲವು ವರ್ಷಗಳಲ್ಲಿ ನೂರಕ್ಕೂ ಮೇಲ್ಪಟ್ಟು ಪ್ರದರ್ಶನಗಳು ಅಲ್ಲಿ ನಡೆದದ್ದುಂಟು. ಎಲ್ಲವೂ ಚೆನ್ನಾಗಿತ್ತೆಂದು ಯಾರೂ ಹೇಳರು. ಕಲಿಯುವವನ ಕೆಲಸ ಊರ ಜನರ ಕಣ್ಣಿಗೆ ಬೀಳುತ್ತಿತ್ತಲ್ಲ, ನನಗೆ ಅದೇ ದೊಡ್ಡದು.

1971ರ ಗೋಡೆಬರಹ ಉಳಿಯಲಿಲ್ಲ. ಕಾಲೇಜಿನ ಕಲ್ಲಚ್ಚಿನ ಮುದ್ರಣಶಾಲೆಯಲ್ಲಿ ಅದೇ ವಾಕ್ಯವನ್ನು ಸಾಲುಸಾಲಾಗಿ ಅಚ್ಚು ಹಾಕಿದ ಹಾಳೆಗಳು ಉಳಿದವು. ಅವುಗಳಲ್ಲೊಂದು ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದಲ್ಲಿದೆ. ಗೋಡೆಯ ಮೇಲೆ ಬರೆದ ಹುಡುಗರ ಹೆಸರುಗಳು ಅದರ ಮೇಲಿಲ್ಲ.